‘ಪುಟ್ ಆಫ್’ ಅಂದರೆ ರದ್ದಲ್ಲ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಮೇಲೆ. ಫ್ರೇಸಲ್ ವರ್ಬ್. ‘ಲುಕ್’, ‘ಪುಟ್’, ‘ಗೆಟ್’, ‘ಟೇಕ್’ ಇಂಥ ಸಣ್ಣ ಕ್ರಿಯಾಪದದ ಪಕ್ಕ ‘ಅಪ್’, ‘ಆಫ್’, ‘ಔಟ್’, ‘ಆನ್’ ಅನ್ನುವ ಇನ್ನೂ ಸಣ್ಣ ಪದ ಬಂದು ಕೂತು, ಎರಡರದ್ದೂ ಅಲ್ಲದ ಮೂರನೇ ಅರ್ಥ ಹುಟ್ಟುತ್ತದಲ್ಲ, ಅದು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಸಲ ಇದೊಂದನ್ನೇ ತೆಗೆದುಕೊಂಡಿದ್ದೇನೆ.

ಮೇಡಂ, ನಾನು ಈ ವರ್ಷ ಬಿ.ಕಾಂ. ಮುಗಿಸಿದೆ. ಬೆಂಗಳೂರಿನಲ್ಲಿ ಒಂದು ಕಂಪನಿಯ ಇಂಟರ್‌ವ್ಯೂ ಇತ್ತು. ಹಿಂದಿನ ದಿನ ‘ಯುವರ್ ಇಂಟರ್‌ವ್ಯೂ ಹ್ಯಾಸ್ ಬೀನ್ ಪುಟ್ ಆಫ್ ಟಿಲ್ ಫ್ರೈಡೇ’ ಅಂತ ಮೆಸೇಜ್ ಬಂತು. ಆಫ್ ಅಂದರೆ ಬಂದ್, ಶುಕ್ರವಾರದವರೆಗೆ ಎಲ್ಲ ನಿಂತಿದೆ, ಆಮೇಲೆ ಅವರೇ ಹೊಸ ದಿನ ಹೇಳುತ್ತಾರೆ ಅಂದುಕೊಂಡು ಊರಲ್ಲೇ ಉಳಿದೆ. ಶುಕ್ರವಾರ ಮಧ್ಯಾಹ್ನ ಫೋನ್ ಮಾಡಿ ಯಾಕೆ ಬರಲಿಲ್ಲ ಅಂದರು. ಇಂಗ್ಲಿಷ್‌ನಲ್ಲಿ 80ರ ಮೇಲೆ ಅಂಕ ತೆಗೆದವಳು ನಾನು. ನನಗೇ ಹೀಗಾಯಿತಲ್ಲ.
— ಪದವೀಧರೆ, ರಾಣೆಬೆನ್ನೂರು

ನಿಮ್ಮ ಪತ್ರ ಓದಿ ಕರುಳು ಚುರುಕ್ ಅಂತು. ಅದೇ ಮೆಸೇಜ್‌ನಲ್ಲಿ ‘ಪೋಸ್ಟ್‌ಪೋನ್’ ಅಂತ ಇದ್ದಿದ್ದರೆ ನೀವು ಗುರುವಾರ ರಾತ್ರಿಯೇ ಬಸ್ ಹತ್ತುತ್ತಿದ್ದಿರಿ, ಅಲ್ವಾ? ‘ಪುಟ್ ಆಫ್’ ಅಂದರೂ ಅದೇ. ಶುಕ್ರವಾರಕ್ಕೆ ಮುಂದೆ ಹಾಕಿದ್ದೇವೆ ಅಂತ. ಪೂರ್ತಿ ರದ್ದು ಮಾಡಿದ್ದರೆ ‘ಕಾಲ್ಡ್ ಆಫ್’ ಅಂತ ಬರೆಯುತ್ತಿದ್ದರು. ಮಳೆ ಬಂದು ಮ್ಯಾಚ್ ನಿಂತೇಹೋದರೆ ‘ಕಾಲ್ಡ್ ಆಫ್’. ನಾಳೆಗೆ ಹೋದರೆ ‘ಪುಟ್ ಆಫ್’. ಇವೆರಡನ್ನು ಒಟ್ಟಿಗೇ ಕಲಿಯಿರಿ, ಬೇರೆ ಬೇರೆಯಾಗಿ ಅಲ್ಲ.

ಅಂಕ ಚೆನ್ನಾಗಿ ಬಂದವರಿಗೇ ಇದು ಜಾಸ್ತಿ ಆಗುವುದಕ್ಕೆ ಕಾರಣ ಇದೆ. ನಾವು ಇಂಗ್ಲಿಷ್ ಕಲಿತದ್ದು ಪುಸ್ತಕದಿಂದ. ಪುಸ್ತಕದಲ್ಲಿ ‘ಪೋಸ್ಟ್‌ಪೋನ್’, ‘ಇನ್ವೆಸ್ಟಿಗೇಟ್’, ‘ಟಾಲರೇಟ್’, ‘ರಿಜೆಕ್ಟ್’ ಅಂತ ಲ್ಯಾಟಿನ್ ಮೂಲದ ಪದಗಳೇ ತುಂಬಿರುತ್ತವೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅರಮನೆ, ಕೋರ್ಟು ಎಲ್ಲ ಕಡೆ ಫ್ರೆಂಚ್ ಬಂತು, ಓದು ಬರಹಕ್ಕೆ ಲ್ಯಾಟಿನ್ ಮೊದಲೇ ಇತ್ತು, ಹೊಲದಲ್ಲಿ ಅಡುಗೆಮನೆಯಲ್ಲಿ ಮಾತ್ರ ಹಳೇ ಇಂಗ್ಲಿಷ್ ಉಳಿಯಿತು. ಆ ಮನೆಮಾತಿನ ಸಣ್ಣ ಕ್ರಿಯಾಪದಗಳಿಂದ ಬಂದವೇ ‘ಪುಟ್ ಆಫ್’, ‘ಲುಕ್ ಇನ್‌ಟು’, ‘ಪುಟ್ ಅಪ್ ವಿತ್’, ‘ಟರ್ನ್ ಡೌನ್’. ನಮ್ಮಲ್ಲೂ ಹೀಗೇ ಇದೆ ನೋಡಿ. ಕಚೇರಿಯ ಪತ್ರದಲ್ಲಿ ‘ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಅಂತ ಇರುತ್ತದೆ, ಮನೆಗೆ ಬಂದು ನಾವು ‘ಅರ್ಜಿ ತಳ್ಳಿಹಾಕಿದರು’ ಅನ್ನುತ್ತೇವೆ. ‘ರಿಜೆಕ್ಟ್’ಗೂ ‘ಟರ್ನ್ ಡೌನ್’ಗೂ ಇರುವುದು ಅದೇ ಅಂತರ. ನಿಮಗೆ ಗೊತ್ತಿರುವುದು ಕಚೇರಿ ಇಂಗ್ಲಿಷ್. ಮನೆ ಇಂಗ್ಲಿಷ್ ಯಾರೂ ಕಲಿಸಲಿಲ್ಲ, ಅಷ್ಟೇ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ, ಮುಂದಿನ ಇಂಟರ್‌ವ್ಯೂಗೆ ಬೇಕಾಗುತ್ತದೆ. ‘ದ ಇಂಟರ್‌ವ್ಯೂ ಹ್ಯಾಸ್ ಬೀನ್ ಬ್ರಾಟ್ ಫಾರ್ವರ್ಡ್’ ಅಂತ ಬಂದರೆ ಏನು ಅರ್ಥ? ‘ಫಾರ್ವರ್ಡ್’ ಅಂದರೆ ಮುಂದೆ, ಹಾಗಾದರೆ ಮುಂದಕ್ಕೆ ಹೋಯಿತು ಅಂತ ಕನ್ನಡದ ಕಿವಿ ಹೇಳುತ್ತದೆ. ಆದರೆ ಇಲ್ಲಿ ದಿಕ್ಕು ಉಲ್ಟಾ. ‘ಬ್ರಿಂಗ್ ಫಾರ್ವರ್ಡ್’ ಅಂದರೆ ಗೊತ್ತಾದ ದಿನಕ್ಕಿಂತ ಮೊದಲೇ ಮಾಡುವುದು, ನಾವು ಭಾರತದಲ್ಲಿ ‘ಪ್ರೀಪೋನ್’ ಅನ್ನುತ್ತೇವಲ್ಲ, ಅದು. ‘ಪುಶ್ ಬ್ಯಾಕ್’ ಅಂದರೆ ತಡ ಮಾಡುವುದು, ನಮ್ಮ ಲೆಕ್ಕದಲ್ಲಿ ಮುಂದಕ್ಕೆ ಹಾಕುವುದು. ಕನ್ನಡದವರು ಎಡವುವ ಜಾಗ ಇದು. ಯಾವುದೇ ಮೆಸೇಜ್‌ನಲ್ಲಿ ಹೀಗೆ ಬಂದರೆ, ದಿನ ಮತ್ತು ಹೊತ್ತು ಬರೆದು ‘ಶುಕ್ರವಾರ 10 ಗಂಟೆಗೆ ಬರಬೇಕು, ಸರಿ ತಾನೇ?’ ಅಂತ ಒಂದು ಉತ್ತರ ಹಾಕಿ. ಅದರಿಂದ ಯಾರೂ ನಿಮ್ಮನ್ನು ಕಡಿಮೆ ಅಂದುಕೊಳ್ಳುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಶಿಕ್ಷಕ. ಪ್ರತಿ ವರ್ಷ 100 ಫ್ರೇಸಲ್ ವರ್ಬ್‌ಗಳ ಪಟ್ಟಿ ಬರೆಸುತ್ತೇನೆ, ಅರ್ಥ ಬಾಯಿಪಾಠ ಮಾಡಿಸುತ್ತೇನೆ. ಪರೀಕ್ಷೆ ಮುಗಿದ ವಾರಕ್ಕೆ ಎಲ್ಲ ಮರೆತಿರುತ್ತಾರೆ. ಬೇರೆ ದಾರಿ ಇದೆಯಾ?
— ಶಿಕ್ಷಕರು, ಅಥಣಿ

ಇದೆ ಸರ್. ಮೊದಲ ತರಗತಿಯಲ್ಲಿ ಇಂಗ್ಲಿಷ್ ಮುಟ್ಟಲೇಬೇಡಿ. ಬೋರ್ಡಿನ ಮೇಲೆ ‘ಕೈ’ ಅಂತ ಒಂದು ಪದ ಬರೆದು, ಅದರ ಮುಂದೆ ಏನೇನು ಸೇರಿಸಬಹುದು ಅಂತ ಮಕ್ಕಳನ್ನೇ ಕೇಳಿ. ಕೈ ಕೊಟ್ಟ, ಕೈ ಬಿಟ್ಟ, ಕೈ ಹಿಡಿದ, ಕೈ ಹಾಕಿದ, ಕೈ ಮಾಡಿದ, ಕೈ ಎತ್ತಿಬಿಟ್ಟ, ಕೈ ಚಾಚಿದ, ಕೈ ತೊಳೆದುಕೊಂಡ. ಐದು ನಿಮಿಷದಲ್ಲಿ ಬೋರ್ಡ್ ತುಂಬುತ್ತದೆ. ಈಗ ಕೇಳಿ, ‘ಮಳೆ ಕೈ ಕೊಟ್ಟಿತು’ ಅಂದರೆ ಮಳೆಗೆ ಕೈ ಇದೆಯಾ? ಕೊಟ್ಟಿದ್ದು ಏನು? ‘ಜಗಳದಲ್ಲಿ ಅವನು ಕೈ ಮಾಡಿದ’ ಅಂದರೆ ಕೈ ತಯಾರು ಮಾಡಿದನಾ? ಮಕ್ಕಳು ನಗುತ್ತಾರೆ. ಆ ನಗುವಿನಲ್ಲೇ ಪಾಠ ಅರ್ಧ ಮುಗಿಯಿತು. ಎರಡು ಪದ ಸೇರಿ ಹೊಸ ಅರ್ಥ ಬರುವುದು ಇಂಗ್ಲಿಷಿನ ಹಟಮಾರಿತನ ಅಲ್ಲ, ತಾವು ದಿನಾ ಮನೆಯಲ್ಲಿ ಮಾಡುವ ಕೆಲಸವೇ ಅಂತ ಅವರಿಗೆ ಗೊತ್ತಾಗುತ್ತದೆ. ಆಮೇಲೆ ‘ಮಳೆ ಕೈ ಕೊಟ್ಟಿತು’ ಪಕ್ಕದಲ್ಲಿ ‘ಲೆಟ್ ಡೌನ್’ ಬರೆಯಿರಿ. ‘ಕೈ ಎತ್ತಿಬಿಟ್ಟ’ ಪಕ್ಕದಲ್ಲಿ ‘ಗಿವ್ ಅಪ್’ ಬರೆಯಿರಿ. ರೂಪ ಒಂದೇ ಅಲ್ಲ, ನಮ್ಮದು ನಾಮಪದ ಮೊದಲು ಕ್ರಿಯಾಪದ ಆಮೇಲೆ, ಅವರದ್ದು ಕ್ರಿಯಾಪದ ಮೊದಲು. ಆದರೆ ಕೆಲಸ ಒಂದೇ ತರಹ.

ಎರಡನೇ ತರಗತಿಗೆ, ಮಕ್ಕಳ ಬಾಯಲ್ಲಿ ಈಗಾಗಲೇ ಇರುವ ಇಂಗ್ಲಿಷ್ ತೆಗೆದುಕೊಳ್ಳಿ. ‘ಬೈಕಿಗೆ ಪಿಕಪ್ ಇಲ್ಲ’, ‘ಥಿಯೇಟರ್ ಮುಂದೆ ಕಟೌಟ್’, ‘ಡಾಕ್ಟರ್ ಹತ್ತಿರ ಚೆಕಪ್’, ‘ಫೋಟೋ ಬ್ಯಾಕಪ್ ತೊಗೊ’, ‘ಸಿನಿಮಾ ಟೇಕಾಫ್ ಆಗಲಿಲ್ಲ’. ಇವೆಲ್ಲ ಫ್ರೇಸಲ್ ವರ್ಬ್‌ಗಳೇ ನಾಮಪದ ಆಗಿ ನಮ್ಮ ಊರು ಸೇರಿದವು. ಇಲ್ಲೊಂದು ಉಚ್ಚಾರಣೆಯ ಗುಟ್ಟಿದೆ, ಅದನ್ನೂ ಹೇಳಿಕೊಡಿ. ನಾಮಪದ ಆದಾಗ ಒತ್ತು ಮೊದಲ ಭಾಗದ ಮೇಲೆ, ‘ಟೇಕ್’ ಜೋರು. ಕ್ರಿಯಾಪದ ಆದಾಗ ಒತ್ತು ಕೊನೆಗೆ, ‘ದ ಪ್ಲೇನ್ ಟುಕ್ ಆಫ್’ ಅನ್ನುವಾಗ ‘ಆಫ್’ ಜೋರು. ಕೊನೆಯ ಸಣ್ಣ ಪದವನ್ನು ನುಂಗಿ ಮಾತಾಡಿದರೆ ಕೇಳುವವರಿಗೆ ಅರ್ಥವೇ ದಾಟುವುದಿಲ್ಲ.

ಪಟ್ಟಿ ಬೇಡ, ಒಂದು ಬೆಳಗ್ಗೆ ಸಾಕು. ‘ವೇಕ್ ಅಪ್’, ‘ಗೆಟ್ ಅಪ್’ (ಮೊದಲನೆಯದು ಎಚ್ಚರ ಆಗುವುದು, ಎರಡನೆಯದು ಹಾಸಿಗೆ ಬಿಟ್ಟು ಏಳುವುದು, ಈ ಎರಡರ ನಡುವೆ ಎಷ್ಟು ಹೊತ್ತು ಅಂತ ಪ್ರತಿ ಮಗುವಿಗೂ ಗೊತ್ತು), ‘ಪುಟ್ ಆನ್’ ಯೂನಿಫಾರ್ಮ್, ‘ಸೆಟ್ ಆಫ್’ ಮನೆಯಿಂದ. ಬಸ್ಸಾದರೆ ‘ಗೆಟ್ ಆನ್’, ‘ಗೆಟ್ ಆಫ್’. ಆಟೋ, ಕಾರು ಆದರೆ ‘ಗೆಟ್ ಇನ್’, ‘ಗೆಟ್ ಔಟ್’. ಒಳಗೆ ನಿಂತು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ ‘ಆನ್’, ಬಗ್ಗಿ ನುಗ್ಗಬೇಕಾದ ಸಣ್ಣ ಗಾಡಿಗೆ ‘ಇನ್’ ಅಂತ ಹೇಳಿ ನೋಡಿ, ಒಮ್ಮೆ ಹೇಳಿದರೆ ಸಾಕು. ಶಾಲೆಗೆ ಬಂದ ಮೇಲೆ ‘ಹ್ಯಾಂಡ್ ಇನ್’ ಹೋಮ್‌ವರ್ಕ್. ಹೀಗೆ ಕಥೆಯಾಗಿ ಕಲಿತದ್ದು ಒಂದನ್ನೊಂದು ಎಳೆದುಕೊಂಡು ಬರುತ್ತದೆ. ಪಟ್ಟಿಯಲ್ಲಿ ‘ಪುಟ್ ಆನ್, ಪುಟ್ ಆಫ್, ಪುಟ್ ಔಟ್, ಪುಟ್ ಅಪ್’ ಅಂತ ಸಾಲಾಗಿ ನಿಲ್ಲಿಸಿದರೆ ನಾಲ್ಕೂ ಕಲಸಿಹೋಗುತ್ತವೆ. ನಾನಂತೂ ಆ ತರಹದ ಪಟ್ಟಿಗೆ ಪೂರ್ತಿ ವಿರೋಧಿ.

ಮಕ್ಕಳು ಧೈರ್ಯ ಕಳೆದುಕೊಂಡರೆ ಸ್ಯಾಮ್ಯುಯೆಲ್ ಜಾನ್ಸನ್ ಮಾತು ಹೇಳಿ. 1755ರಲ್ಲಿ ಹೊರಬಂದ ತನ್ನ ದೊಡ್ಡ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲಿ ಅವನೇ ಒಪ್ಪಿಕೊಂಡಿದ್ದಾನೆ, ಕ್ರಿಯಾಪದಕ್ಕೆ ಸಣ್ಣ ಪದ ಅಂಟಿಸಿ ಅರ್ಥ ಬದಲಿಸುವ ಈ ಪದ್ಧತಿಯೇ ಹೊರಗಿನವರಿಗೆ ಬಹಳ ಕಷ್ಟ ಕೊಡುವುದು ಅಂತ.

ಗಿವ್ ಅಂದರೆ ಕೊಡು. ಅಪ್ ಅಂದರೆ ಮೇಲೆ. ಗಿವ್ ಅಪ್ ಅಂದರೆ ಮೇಲೆ ಕೊಡು ಅಂತ ಆಗಬೇಕು ಅಲ್ವಾ? ಬಿಟ್ಟುಬಿಡು ಅಂತ ಯಾಕೆ?
— 7ನೇ ತರಗತಿ, ಸಿದ್ದಾಪುರ

ಪುಟ್ಟ, ಬಹಳ ಒಳ್ಳೆಯ ಪ್ರಶ್ನೆ. ಮೊದಲು ‘ಗಿವ್ ಅಪ್’ ಅಂದರೆ ನಿನ್ನ ಹತ್ತಿರ ಇರುವುದನ್ನು ಪೂರ್ತಿ ಒಪ್ಪಿಸಿಬಿಡುವುದು. ಯುದ್ಧದಲ್ಲಿ ಸೋತವನು ಕೋಟೆ ಒಪ್ಪಿಸಿಬಿಡುತ್ತಾನಲ್ಲ, ಹಾಗೆ. ಒಪ್ಪಿಸಿದ ಮೇಲೆ ಇನ್ನು ಹೋರಾಟ ಇಲ್ಲ. ಹಾಗಾಗಿ ಪ್ರಯತ್ನ ಬಿಟ್ಟುಬಿಡುವುದಕ್ಕೂ ಅದೇ ಮಾತು ಬಂತು.

ಈಗ ಆ ‘ಅಪ್’ ನೋಡು. ಮನೆಯಲ್ಲಿ ಕೊಡಕ್ಕೆ ನೀರು ಹಿಡಿಯುವಾಗ ನೀರು ಮೇಲೆ ಮೇಲೆ ಬರುತ್ತದೆ. ಬಾಯಿಯವರೆಗೆ ಬಂತು ಅಂದರೆ ಕೊಡ ತುಂಬಿತು, ಕೆಲಸ ಮುಗಿಯಿತು. ಹಾಗೆ ‘ಅಪ್’ಗೆ ‘ಮೇಲೆ’ ಅನ್ನುವುದರ ಜೊತೆ ‘ಪೂರ್ತಿ’ ಅನ್ನುವ ಅರ್ಥವೂ ಇದೆ ಅಂತ ನೆನಪಿಟ್ಟುಕೋ. ‘ಈಟ್’ ಅಂದರೆ ತಿನ್ನು, ‘ಈಟ್ ಅಪ್’ ಅಂದರೆ ತಟ್ಟೆ ಖಾಲಿ ಮಾಡು. ‘ಡ್ರಿಂಕ್ ಅಪ್’ ಅಂದರೆ ಕುಡಿದುಬಿಡು. ‘ಡ್ರೈ ಅಪ್’ ಅಂದರೆ ಕೆರೆ ಪೂರ್ತಿ ಬತ್ತಿಹೋಗುವುದು. ಅಮ್ಮ ‘ಹಾಲು ಕುಡಿ’ ಅನ್ನುವುದಕ್ಕೂ ‘ಹಾಲು ಕುಡಿದುಬಿಡು’ ಅನ್ನುವುದಕ್ಕೂ ವ್ಯತ್ಯಾಸ ನಿನಗೆ ಗೊತ್ತು. ನಮ್ಮ ‘ಬಿಡು’ ಮಾಡುವ ಕೆಲಸವನ್ನೇ ಅಲ್ಲಿ ‘ಅಪ್’ ಮಾಡುತ್ತದೆ. ಎಲ್ಲ ಕಡೆ ಹೀಗೆ ಸರಿಹೊಂದುವುದಿಲ್ಲ, ಆದರೆ ಸುಮಾರು ಕಡೆ ಹೊಂದುತ್ತದೆ. ನೀನೇ ಹುಡುಕಿ ಇನ್ನು ಐದು ಬರೆದು ಕಳಿಸು.

ಆಫೀಸಿನಲ್ಲಿ ಮೀಟಿಂಗ್ ನಡೆಯುವಾಗ ‘ಪ್ಲೀಸ್ ಆಫ್ ದ ಫ್ಯಾನ್’ ಅಂದೆ, ಒಬ್ಬರು ತಿದ್ದಿದರು. ಇನ್ನೊಮ್ಮೆ ‘ಟರ್ನ್ ಆಫ್ ಇಟ್’ ಅಂದೆ, ಅದೂ ತಪ್ಪು ಅಂದರು. ಹಾಗಾದರೆ ಸರಿ ಯಾವುದು?
— ಉದ್ಯೋಗಿ, ಮೈಸೂರು

ಕನ್ನಡದಲ್ಲಿ ನಾವು ‘ಫ್ಯಾನ್ ಆಫ್ ಮಾಡು’ ಅನ್ನುತ್ತೇವೆ. ‘ಆಫ್’ಗೆ ನಮ್ಮ ‘ಮಾಡು’ ಸೇರಿಸಿ ಕ್ರಿಯಾಪದ ಮಾಡಿಕೊಂಡಿದ್ದೇವೆ, ಕನ್ನಡಕ್ಕೆ ಅದು ಚೆಂದವಾಗೇ ಹೊಂದಿದೆ. ತೊಂದರೆ ಆಗುವುದು ಇಂಗ್ಲಿಷಿಗೆ ವಾಪಸ್ ಹೋಗುವಾಗ. ‘ಮಾಡು’ ಇಲ್ಲೇ ಉಳಿಯುತ್ತದೆ, ‘ಟರ್ನ್’ ಅಥವಾ ‘ಸ್ವಿಚ್’ ಜೊತೆಗೆ ಬರುವುದಿಲ್ಲ, ‘ಆಫ್’ ಒಂದೇ ಹೋಗಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ‘ಆಫ್’ ಒಂದೇ ಈ ಕೆಲಸ ಮಾಡುವುದಿಲ್ಲ, ‘ಟರ್ನ್’ ಬೇಕೇ ಬೇಕು.

ಎರಡನೆಯದಕ್ಕೆ ನಿಯಮ ಸುಲಭ. ‘ಟರ್ನ್ ಆಫ್ ದ ಫ್ಯಾನ್’ ಸರಿ, ‘ಟರ್ನ್ ದ ಫ್ಯಾನ್ ಆಫ್’ ಸರಿ. ಆದರೆ ಹೆಸರಿನ ಬದಲು ‘ಇಟ್’, ‘ಹಿಮ್’, ‘ದೆಮ್’ ಬಂದರೆ ಅದು ನಡುವೆಯೇ ಕೂರಬೇಕು. ‘ಟರ್ನ್ ಇಟ್ ಆಫ್’, ‘ಪಿಕ್ ಹಿಮ್ ಅಪ್’, ‘ಥ್ರೋ ದೆಮ್ ಅವೇ’. ವಾಕ್ಯದ ಕೊನೆಯ ಜಾಗ ಇಂಗ್ಲಿಷಿನಲ್ಲಿ ಹೊಸ ವಿಷಯಕ್ಕೆ ಮೀಸಲು. ‘ಇಟ್’ ಅಂದರೆ ಇಬ್ಬರಿಗೂ ಆಗಲೇ ಗೊತ್ತಿರುವ ವಸ್ತು, ಅದಕ್ಕೆ ಕೊನೆಯ ಕುರ್ಚಿ ಕೊಡುವುದಿಲ್ಲ.

‘ಹಾಗಾದರೆ ಲುಕ್ ಹರ್ ಆಫ್ಟರ್ ಅನ್ನಬೇಕಾ?’ ಅಂತ ನೀವು ಕೇಳಬಹುದು. ಇಲ್ಲ. ‘ಲುಕ್ ಆಫ್ಟರ್ ಹರ್’. ‘ಆಫ್ಟರ್’, ‘ಫಾರ್’, ‘ಇನ್‌ಟು’, ‘ವಿತ್’ ಇಂಥವು ಬಂದಾಗ ಜೋಡಿ ಬಿಡಿಸುವ ಹಾಗಿಲ್ಲ. ‘ಅಪ್’, ‘ಔಟ್’, ‘ಆಫ್’, ‘ಡೌನ್’, ‘ಅವೇ’, ‘ಬ್ಯಾಕ್’ ಬಂದಾಗ ಬಹುತೇಕ ಬಿಡಿಸಬಹುದು. ಮೂರು ಪದದವು, ‘ಪುಟ್ ಅಪ್ ವಿತ್’ (ಸಹಿಸಿಕೊ), ‘ರನ್ ಔಟ್ ಆಫ್’ (ಮುಗಿದುಹೋಗು), ‘ಲುಕ್ ಫಾರ್ವರ್ಡ್ ಟು’ (ಆಸೆಯಿಂದ ಕಾಯು), ಇವನ್ನು ಬಿಡಿಸುವುದಿಲ್ಲ. ಕೊನೆಯದರ ಮುಂದೆ ‘ಮೀಟ್’ ಬರುವುದಿಲ್ಲ, ‘ಮೀಟಿಂಗ್’ ಬರುತ್ತದೆ: ‘ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯೂ’. ಆಫೀಸಿನ ಮೇಲ್‌ಗಳಲ್ಲಿ ಬಹಳ ಜನ ತಪ್ಪುವ ಸಾಲು ಇದು.

ಆಫೀಸಿನ ಮಾತು ಬಂದಿದ್ದಕ್ಕೆ ಇನ್ನೆರಡು. ‘ಕೋಪ್ ಅಪ್ ವಿತ್’ ಅನ್ನುವುದು ಇಲ್ಲ, ‘ಕೋಪ್ ವಿತ್’ ಸಾಕು. ‘ಕೀಪ್ ಅಪ್ ವಿತ್’, ‘ಕ್ಯಾಚ್ ಅಪ್ ವಿತ್’ ಕೇಳಿ ಕೇಳಿ ಆ ‘ಅಪ್’ ಇಲ್ಲಿಗೂ ನುಸುಳಿದೆ. ಫಾರಂ ತುಂಬುವುದಕ್ಕೆ ‘ಫಿಲ್ ಇನ್’, ‘ಫಿಲ್ ಔಟ್’ ಎರಡೂ ಸರಿ, ಟ್ಯಾಂಕ್ ತುಂಬುವುದಕ್ಕೆ ‘ಫಿಲ್ ಅಪ್’.

ನಾನು ನರ್ಸ್. ಬ್ರಿಟನ್‌ಗೆ ಹೋಗಲು ಒಇಟಿ (ಆಸ್ಪತ್ರೆ ಕೆಲಸದವರಿಗೆ ಇರುವ ಇಂಗ್ಲಿಷ್ ಪರೀಕ್ಷೆ) ಬರೆಯಲು ಓದುತ್ತಿದ್ದೇನೆ. ರೋಗದ ಹೆಸರು, ಔಷಧಿ ಹೆಸರು ಎಲ್ಲ ಗೊತ್ತು. ಆದರೆ ಅಲ್ಲಿ ಕೆಲಸ ಮಾಡುವ ಗೆಳತಿ ಹೇಳುತ್ತಾಳೆ, ರೋಗಿಗಳು ಮಾತಾಡುವುದೇ ಮೊದಮೊದಲು ಅರ್ಥ ಆಗುವುದಿಲ್ಲ ಅಂತ. ನಿಜವಾ?
— ಮಂಗಳೂರು

ನಿಜ. ಡಾಕ್ಟರ್ ಬರೆಯುವುದು ಲ್ಯಾಟಿನ್ ಇಂಗ್ಲಿಷ್, ಹಾಸಿಗೆಯ ಮೇಲೆ ಮಲಗಿದವರು ಮಾತಾಡುವುದು ಮನೆ ಇಂಗ್ಲಿಷ್. ನಮ್ಮ ಅಜ್ಜಿಯರೂ ‘ನನಗೆ ವಾಂತಿ ಪ್ರಕರಣ ಸಂಭವಿಸಿದೆ’ ಅನ್ನುವುದಿಲ್ಲವಲ್ಲ, ‘ತಿಂದಿದ್ದೆಲ್ಲ ಕಕ್ಕಿಬಿಟ್ಟೆ’ ಅನ್ನುತ್ತಾರೆ. ಹಾಗೆ ಅಲ್ಲಿ ‘ಥ್ರೂ ಅಪ್’ ಅಂದರೆ ವಾಂತಿ ಆಯಿತು. ‘ಬ್ರಾಟ್ ಅಪ್’ ಅಂದರೂ ವಾಂತಿಯೋ ಕಫವೋ ಹೊರಗೆ ಬಂತು. ‘ಮೈ ನೀ ಈಸ್ ಪ್ಲೇಯಿಂಗ್ ಅಪ್’ ಅಂದರೆ ಮಂಡಿ ಮತ್ತೆ ಕಾಟ ಕೊಡುತ್ತಿದೆ. ‘ಕೇಮ್ ಔಟ್ ಇನ್ ಎ ರ‍್ಯಾಶ್’ ಅಂದರೆ ಮೈಮೇಲೆ ಗಂಧೆ ಎದ್ದಿತು. ಊತ ‘ವೆಂಟ್ ಡೌನ್’ ಅಂದರೆ ಇಳಿಯಿತು, ಇದು ಕನ್ನಡದ ಹಾಗೇ ಇದೆ. ನೋವಿನ ಮಾತ್ರೆ ‘ಈಸ್ ವೇರಿಂಗ್ ಆಫ್’ ಅಂದರೆ ಅದರ ಪ್ರಭಾವ ಕಡಿಮೆ ಆಗುತ್ತಿದೆ, ಅಂದರೆ ನೋವು ಮತ್ತೆ ಶುರುವಾಗುತ್ತಿದೆ. ಇದನ್ನು ಕೇಳಿಸಿಕೊಂಡರೆ ನೀವು ಎದ್ದು ಹೋಗಿ ನೋಡಬೇಕು.

ಇದರಲ್ಲಿ ಕೆಲವು ಜೋಡಿಗಳನ್ನು ಕಲಸುವ ಹಾಗೇ ಇಲ್ಲ. ‘ಪಾಸ್ಡ್ ಔಟ್’ ಅಂದರೆ ಪ್ರಜ್ಞೆ ತಪ್ಪಿತು. ‘ಪಾಸ್ಡ್ ಅವೇ’ ಅಂದರೆ ತೀರಿಕೊಂಡರು. ಮನೆಯವರಿಗೆ ಫೋನ್ ಮಾಡುವಾಗ ಈ ಒಂದು ಪದ ತಪ್ಪಿದರೆ ಏನಾಗುತ್ತದೆ ಅಂತ ಯೋಚಿಸಿ. ಪ್ರಜ್ಞೆ ವಾಪಸ್ ಬಂದರೆ ‘ಕೇಮ್ ರೌಂಡ್’. ಹಾಗೇ ಉಪ್ಪಿನ ವಿಷಯ: ‘ಕಟ್ ಡೌನ್ ಆನ್ ಸಾಲ್ಟ್’ ಅಂದರೆ ಉಪ್ಪು ಕಡಿಮೆ ಮಾಡಿ, ‘ಕಟ್ ಔಟ್ ಸಾಲ್ಟ್’ ಅಂದರೆ ಉಪ್ಪು ಪೂರ್ತಿ ಬಿಡಿ. ‘ಕಮ್ ಆಫ್ ದ ಟ್ಯಾಬ್ಲೆಟ್ಸ್’ ಅಂದರೆ ಮಾತ್ರೆ ತೆಗೆದುಕೊಳ್ಳುವುದನ್ನು ನಿಲ್ಲಿಸುವುದು.

ಇನ್ನು ನಿಮ್ಮ ಬಯೋಡೇಟಾ ತೆಗೆದು ನೋಡಿ. ಅದರಲ್ಲಿ ‘ಪಾಸ್ಡ್ ಔಟ್ ಇನ್ 2019’ ತರಹದ ಸಾಲು ಇದೆಯಾ? ನಮ್ಮ ದೇಶದಲ್ಲಿ ಓದು ಮುಗಿಸುವುದಕ್ಕೆ ಹಾಗೆ ಹೇಳುವುದು ರೂಢಿ, ಸೈನ್ಯದಲ್ಲಿ ತರಬೇತಿ ಮುಗಿದಾಗ ‘ಪಾಸಿಂಗ್ ಔಟ್ ಪರೇಡ್’ ಬ್ರಿಟನ್ನಿನಲ್ಲೂ ಇದೆ. ಆದರೆ ಅಲ್ಲಿಯ ಆಸ್ಪತ್ರೆಯಲ್ಲಿ ಓದುವವರಿಗೆ ನೀವು 2019ರಲ್ಲಿ ಮೂರ್ಛೆ ಹೋದಿರಿ ಅಂತ ಕಾಣುತ್ತದೆ. ‘ಕ್ವಾಲಿಫೈಡ್ ಇನ್ 2019’ ಅಂತ ಬದಲಿಸಿ. ದಿನಾ ಮಲಗುವ ಮುಂಚೆ ಒಂದು ರೋಗಿಯ ಮಾತನ್ನು ಕನ್ನಡದಲ್ಲಿ ಅಂದುಕೊಂಡು, ಅದನ್ನೇ ಮನೆ ಇಂಗ್ಲಿಷಿನಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಿ. ಓದಿದ್ದಕ್ಕಿಂತ ಬಾಯಿಬಿಟ್ಟು ಹೇಳಿದ್ದು ಜಾಸ್ತಿ ದಿನ ಉಳಿಯುತ್ತದೆ.

ನನಗೆ 67 ವರ್ಷ. ಮಗಳು, ಮೊಮ್ಮಗ ಅಮೆರಿಕದಲ್ಲಿದ್ದಾರೆ. ಭಾನುವಾರ ವಿಡಿಯೋ ಕಾಲ್ ಮಾಡುತ್ತಾರೆ. ಮೊಮ್ಮಗ ಒಮ್ಮೆ ‘ಹ್ಯಾಂಗ್ ಆನ್’ ಅನ್ನುತ್ತಾನೆ, ಒಮ್ಮೆ ‘ಹ್ಯಾಂಗ್ ಅಪ್’ ಅನ್ನುತ್ತಾನೆ, ಇನ್ನೊಮ್ಮೆ ಫ್ರೆಂಡ್ಸ್ ಜೊತೆ ‘ಹ್ಯಾಂಗ್ ಔಟ್’ ಅನ್ನುತ್ತಾನೆ. ಹ್ಯಾಂಗ್ ಅಂದರೆ ನೇಣು ಅಂತ ಗೊತ್ತು. ಮಗು ಬಾಯಲ್ಲಿ ಇದನ್ನು ಕೇಳಿ ಭಯ ಆಗುತ್ತದೆ.
— ಸಾಗರ

ಅಮ್ಮ, ಭಯಪಡಬೇಡಿ. ‘ಹ್ಯಾಂಗ್’ ಅಂದರೆ ತೂಗುಹಾಕುವುದು ಅಥವಾ ನೇತಾಡುವುದು, ಬಟ್ಟೆ ಒಣಹಾಕುವುದಕ್ಕೂ ಅದೇ ಪದ. ‘ಹ್ಯಾಂಗ್ ಆನ್’ ಅಂದರೆ ‘ತಡಿ ಅಜ್ಜಿ, ಒಂದು ನಿಮಿಷ’. ಸ್ನೇಹಿತರ ಜೊತೆ ‘ಹ್ಯಾಂಗ್ ಔಟ್’ ಅಂದರೆ ಸುಮ್ನೆ ಕೂತು ಹರಟೆ ಹೊಡೆಯುವುದು, ತಿರುಗಾಡುವುದು.

‘ಹ್ಯಾಂಗ್ ಅಪ್’ ಅಂದರೆ ಫೋನ್ ಇಡುವುದು. ಹಳೇ ಕಾಲದ ಗೋಡೆ ಫೋನಿನಲ್ಲಿ ಮಾತು ಮುಗಿದ ಮೇಲೆ ರಿಸೀವರನ್ನು ಕೊಕ್ಕೆಗೆ ತೂಗುಹಾಕುತ್ತಿದ್ದರು, ಆ ಮಾತು ಹಾಗೇ ಉಳಿದುಕೊಂಡಿದೆ. ನಾವೂ ಮೇಜಿನ ಮೇಲಿನ ಫೋನಿನ ಕಾಲದಿಂದ ‘ಸರಿ, ಇಡ್ತೀನಿ’ ಅನ್ನುತ್ತಿದ್ದೇವೆ, ಈಗ ಮೊಬೈಲ್ ಕೈಯಲ್ಲೇ ಇದ್ದರೂ ‘ಇಡ್ತೀನಿ’ ಅನ್ನುವುದು ಬಿಟ್ಟಿಲ್ಲ. ಈ ಭಾನುವಾರ ಅವನು ‘ಹ್ಯಾಂಗ್ ಅಪ್’ ಅಂದ ಕೂಡಲೇ ನೀವು ‘ಹ್ಯಾಂಗ್ ಆನ್’ ಅನ್ನಿ. ಇನ್ನೆರಡು ನಿಮಿಷ ಮಾತಾಡಲು ಸಿಗುತ್ತಾನೆ.